ಎರಡು ಗಂಟೆಯ ಗಡುವು

ಜಾಫ್ನಾದ ಸಾರ್ವಜನಿಕ ಗ್ರಂಥಾಲಯಕ್ಕೆ ಬೆಂಕಿ ಬಿದ್ದದ್ದು 1981ರ ಮೇ ತಿಂಗಳ ಕೊನೆಯ ರಾತ್ರಿ. ಸುಮಾರು 97 ಸಾವಿರ ಪುಸ್ತಕಗಳೂ ಮತ್ತೆಲ್ಲೂ ಪ್ರತಿ ಸಿಗದ ತಾಳೆಗರಿಗಳೂ ಬೂದಿಯಾದವು. ಬೆಂಕಿ ಇಟ್ಟವರಲ್ಲಿ ಪೊಲೀಸರೇ ಇದ್ದರು. ಕೊಲಂಬೊ ಸರ್ಕಾರದ ಇಬ್ಬರು ಮಂತ್ರಿಗಳು ಆಗ ಅದೇ ಪಟ್ಟಣದಲ್ಲಿ ತಂಗಿದ್ದರು. ಈ ಕುಕೃತ್ಯದ ಬಗ್ಗೆ ತಮಿಳಿನಲ್ಲಿ ಹಲವು ಕವಿತೆಗಳು ಬಂದವು. ಅವುಗಳಲ್ಲಿ ಬಹಳ ಹೆಸರಾದದ್ದು 'ಬುದ್ಧನ ಕೊಲೆ'. ಸಿಂಹಳ ಪ್ರಭುತ್ವ ಸುಟ್ಟದ್ದು ತಮಿಳರ ಪುಸ್ತಕಗಳನ್ನಷ್ಟೇ ಅಲ್ಲ, ತಾನು ದಿನಾ ಪೂಜಿಸುವ ಬುದ್ಧನನ್ನೇ ಎಂದು ತೋರಿಸಿದ ಕವಿತೆ ಅದು. ಬರೆದವರು ಎಂ.ಎ. ನುಹ್ಮಾನ್. ಪೂರ್ವ ತೀರದ ಕಲ್ಮುನೈ ಕಡೆಯ ಮುಸ್ಲಿಂ ಕವಿ, ಭಾಷಾ ವಿಜ್ಞಾನಿ. ಪ್ಯಾಲೆಸ್ಟೀನ್ ಕವಿತೆಗಳನ್ನು ತಮಿಳಿಗೆ ತಂದವರು.

ಇದಾಗಿ ಒಂಬತ್ತು ವರ್ಷಕ್ಕೆ, 1990ರ ಅಕ್ಟೋಬರ್ 30ರಂದು, ಅದೇ ಜಾಫ್ನಾದ ಮುಸ್ಲಿಮರಿಗೆ ಎಲ್‌ಟಿಟಿಇ ಧ್ವನಿವರ್ಧಕದಲ್ಲಿ ಆಜ್ಞೆ ಹೊರಡಿಸಿತು. ಉಸ್ಮಾನಿಯಾ ಕಾಲೇಜಿನ ಮೈದಾನದಲ್ಲಿ ಸೇರಿ, ಎರಡು ಗಂಟೆಯೊಳಗೆ ಊರು ಬಿಡಿ.

ಈಳಂ ಚಳವಳಿಯ ಚರಿತ್ರೆಯನ್ನು ಓದುವಾಗಲೆಲ್ಲ ನಾವು ಮೊದಲು ಹುಡುಕುವುದು ಈ ಎರಡು ಗಂಟೆಯನ್ನು. ಅದು ಎಷ್ಟನೇ ಪುಟದಲ್ಲಿದೆ, ಅಧ್ಯಾಯವಾಗಿದೆಯೋ, ಒಂದು ಪ್ಯಾರಾ ಆಗಿದೆಯೋ, ಅಥವಾ 'ಆಯಕಟ್ಟಿನ ತಪ್ಪು' ಎಂಬ ಎರಡು ಶಬ್ದಗಳಲ್ಲಿ ಮುಗಿದಿದೆಯೋ ಎಂದು ನೋಡುತ್ತೇವೆ. ಪುಸ್ತಕವನ್ನು ಅಳೆಯಲು ಇದೊಂದೇ ಮಾನದಂಡ ಸಾಕೇ ಎಂದು ಯಾರಾದರೂ ಕೇಳಬಹುದು. ಸಾಲದು. ಆದರೆ ಭಾಷೆಯೇ ರಾಷ್ಟ್ರ ಎಂದು ಬಂದೂಕು ಹಿಡಿದ ಚಳವಳಿಯೊಂದು, ಅದೇ ಭಾಷೆಯ ಹೊರತು ಮನೆಯಲ್ಲಿ ಮತ್ತೊಂದನ್ನು ಆಡದ ಜನರನ್ನು ರಾಷ್ಟ್ರದಿಂದ ಆಚೆಗೆ ಹಾಕಿದ ದಿನ ಅದು. ಆ ದಿನವನ್ನು ಬಿಟ್ಟು ಆ ಚಳವಳಿಯನ್ನು ವಿವರಿಸಲು ಹೇಗೆ ಸಾಧ್ಯ?

ಕನ್ನಡದ ಓದುಗರಿಗೆ ಎಲ್‌ಟಿಟಿಇ ಪರಿಚಯವಾದದ್ದು ಹೆಚ್ಚಾಗಿ ಕೊನೆಯ ತುದಿಯಿಂದ. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆ. ಆಗಸ್ಟ್‌ನಲ್ಲಿ ನಮ್ಮ ಕೋಣನಕುಂಟೆಯ ಮನೆಯೊಂದರಲ್ಲಿ ಶಿವರಾಸನ್, ಶುಭಾ ಮತ್ತು ಸಂಗಡಿಗರ ಹೆಣಗಳು. 2006ರಲ್ಲಿ ಎ.ಎಂ.ಆರ್. ರಮೇಶ್ ಇದನ್ನೇ 'ಸೈನೈಡ್' ಚಿತ್ರ ಮಾಡಿದರು. ಕತ್ತಿನಲ್ಲಿ ವಿಷದ ಗುಳಿಗೆ ನೇತುಹಾಕಿಕೊಂಡವರು ನಮ್ಮ ಕಲ್ಪನೆಯೊಳಗೆ ಹೀಗೆ ಬಂದರು. ಅವರನ್ನು ಆ ಸ್ಥಿತಿಗೆ ತಂದ ಚರಿತ್ರೆ ಮಾತ್ರ ಕೋಣನಕುಂಟೆಯ ಆ ಬಾಗಿಲಿನ ಹೊರಗೇ ಉಳಿಯಿತು.

ಆ ಚರಿತ್ರೆ ಚಿಕ್ಕದೇನಲ್ಲ. 1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆ ಎಂಬ ಕಾಯಿದೆ, 1958ರಲ್ಲಿ ತಮಿಳರ ಮೇಲೆ ಗಲಭೆ, 70ರ ದಶಕದ ಆರಂಭದಲ್ಲಿ ವಿಶ್ವವಿದ್ಯಾಲಯ ಪ್ರವೇಶಕ್ಕೆ ತಮಿಳು ವಿದ್ಯಾರ್ಥಿಗಳಿಗೆ ಹೆಚ್ಚಿನ ಅಂಕ ಬೇಕೆಂಬ ನಿಯಮ. ಗಾಂಧಿ ಮಾರ್ಗದ ಸತ್ಯಾಗ್ರಹಗಳು ಪೊಲೀಸರ ಲಾಠಿಗೆ ಸಿಕ್ಕವು. ತಮಿಳು ನಾಯಕರು ಪ್ರಧಾನಿಗಳ ಜತೆ ಮಾಡಿಕೊಂಡ ಒಪ್ಪಂದಗಳು ಹರಿದುಹೋದವು. 1976ರ ಮೇ ತಿಂಗಳಲ್ಲಿ ವಟ್ಟುಕ್ಕೋಟೈಯಲ್ಲಿ ಪ್ರತ್ಯೇಕ ಈಳಂ ನಿರ್ಣಯ ಅಂಗೀಕಾರವಾಯಿತು. ಅದೇ ತಿಂಗಳು ಪ್ರಭಾಕರನ್ ತನ್ನ ಗುಂಪಿಗೆ ಎಲ್‌ಟಿಟಿಇ ಎಂದು ಹೆಸರಿಟ್ಟ. 1983ರ ಜುಲೈನಲ್ಲಿ 13 ಸೈನಿಕರು ಜಾಫ್ನಾದಲ್ಲಿ ಸತ್ತಾಗ ಕೊಲಂಬೊದ ತಮಿಳರ ಮನೆ, ಅಂಗಡಿಗಳು ಮತದಾರರ ಪಟ್ಟಿ ನೋಡಿ ಗುರುತಿಸಿ ಸುಡಲ್ಪಟ್ಟವು. ವೆಲಿಕಡೆ ಜೈಲಿನೊಳಗೆ ಎರಡು ದಿನ 53 ತಮಿಳು ಕೈದಿಗಳನ್ನು ಕೊಲ್ಲಲಾಯಿತು. ಮತದಾರರ ಪಟ್ಟಿ ಹಿಡಿದು ಬರುವ ಗುಂಪು ಎಂದರೆ ಏನೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ಆ ವಾರದ ನಂತರ ಹುಡುಗರು ಸಾಲುಗಟ್ಟಿ ಚಳವಳಿ ಸೇರಿದರು. ಅವರಲ್ಲಿ ಮುಸ್ಲಿಂ ಹುಡುಗರೂ ಇದ್ದರು.

ಆ ಹುಡುಗರನ್ನು ಒಳಗಿನಿಂದ ಕಂಡ ಬರಹಗಾರ ಶೋಭಾಶಕ್ತಿ. ಹದಿಹರೆಯದಲ್ಲೇ ಹುಲಿಗಳ ಪಡೆ ಸೇರಿ, ಹೊರಬಂದು, ಫ್ರಾನ್ಸ್‌ನಲ್ಲಿ ನೆಲೆಸಿದವರು. 2015ರಲ್ಲಿ ಕಾನ್ ಚಿತ್ರೋತ್ಸವದ ಪ್ರಥಮ ಪ್ರಶಸ್ತಿ ಪಡೆದ 'ದೀಪನ್' ಚಿತ್ರದ ನಾಯಕನೂ ಅವರೇ. ಅವರ 'ಗೊರಿಲ್ಲಾ' ಕಾದಂಬರಿಯಲ್ಲಿ ನಿರಾಶ್ರಿತನೊಬ್ಬ ಆಶ್ರಯ ಕೋರಿ ಬರೆಯುವ ಅರ್ಜಿಯ ಭಾಷೆಯೂ ಹಳ್ಳಿಯ ಪೋಲಿ ಮಾತೂ ಒಂದರೊಳಗೊಂದು ಹೆಣೆದುಕೊಂಡಿವೆ. ವೀರಗಾಥೆಯನ್ನು ಇಷ್ಟು ನಿರ್ದಯವಾಗಿ ಕೆಳಗಿಳಿಸಿದ ಬರಹ ಕಡಿಮೆ. ಸಂಘಟನೆಯ ಸೆರೆಮನೆ, ಸಂಘಟನೆಯ ಹೊಡೆತ, ನಿನ್ನೆಯ ಸಂಗಾತಿ ಇಂದು ದ್ರೋಹಿಯಾಗುವ ರೀತಿ, ಎಲ್ಲವೂ ಅಲ್ಲಿವೆ. ಕಥೆ ಬರೆಯುವವರಾಗಿ ನಮಗೆ ಈ ಕಾದಂಬರಿಯ ಮೇಲೆ ಹೊಟ್ಟೆಕಿಚ್ಚೂ ಇದೆ ಎಂದು ಒಪ್ಪಿಕೊಳ್ಳುತ್ತೇವೆ.

ಇನ್ನೊಂದು ಧಾರೆ ರಜನಿ ತಿರಣಗಮ ಅವರದು. ಜಾಫ್ನಾ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಆಕೆ ಒಂದು ಕಾಲಕ್ಕೆ ಹುಲಿಗಳ ಬೆಂಬಲಿಗರು. ಆಮೇಲೆ ಮೂವರು ಸಹೋದ್ಯೋಗಿಗಳ ಜತೆಗೂಡಿ 'ದಿ ಬ್ರೋಕನ್ ಪಾಮೈರಾ' ಬರೆದರು. ಶ್ರೀಲಂಕಾ ಸೈನ್ಯ, ಭಾರತದ ಶಾಂತಿಪಾಲನಾ ಪಡೆ, ಹುಲಿಗಳು ಎಂದು ಭೇದ ಮಾಡದೆ ಎಲ್ಲರ ಅನ್ಯಾಯವನ್ನೂ ದಾಖಲಿಸಿದ ಗ್ರಂಥ. ಅದು ಅಚ್ಚಾಗಿ ಬರುವ ಮೊದಲೇ, 1989ರ ಸೆಪ್ಟೆಂಬರ್ 21ರಂದು, ಸೈಕಲ್ ಮೇಲೆ ಮನೆಗೆ ಹೋಗುತ್ತಿದ್ದ ರಜನಿಯನ್ನು ಗುಂಡಿಕ್ಕಿ ಕೊಂದರು. ಆಕೆಯನ್ನು ಹೋಲುವ ಪ್ರಾಧ್ಯಾಪಕಿಯೊಬ್ಬಳು ವಿ.ವಿ. ಗಣೇಶಾನಂದನ್ ಅವರ ಇಂಗ್ಲಿಷ್ ಕಾದಂಬರಿ 'ಬ್ರದರ್‌ಲೆಸ್ ನೈಟ್'ನಲ್ಲಿ ಬರುತ್ತಾಳೆ. 2024ರಲ್ಲಿ ಬ್ರಿಟನ್ನಿನ ಮಹಿಳಾ ಕಾದಂಬರಿ ಪ್ರಶಸ್ತಿ ಪಡೆದ ಕೃತಿ.

ಈ ಎರಡೂ ಕೃತಿಗಳ ಪ್ರಾಮಾಣಿಕತೆಯ ಬಗ್ಗೆ ನಮಗೆ ಅನುಮಾನವಿಲ್ಲ. ಆದರೆ ಎರಡರ ಕಥನವೂ ಮುಖ್ಯವಾಗಿ ನಿಲ್ಲುವುದು 1989ರ ಹೊಸ್ತಿಲಲ್ಲಿ. ರಜನಿ ಮತ್ತು ಸಂಗಾತಿಗಳಿಗೆ ಕಾಲವೇ ಅಷ್ಟು ಕೊಟ್ಟಿತ್ತು. ಅವರ ಬಳಗ ಮುಂದೆ ಮುಸ್ಲಿಮರ ಉಚ್ಚಾಟನೆಯನ್ನು ತನ್ನ ವರದಿಗಳಲ್ಲಿ ಖಂಡಿಸಿಯೂ ಬರೆಯಿತು. ಆದರೂ ಈಳಂ ಚಳವಳಿಯ ಪತನವನ್ನು ಹೇಳುವವರೆಲ್ಲ ರಜನಿಯ ಸಾವಿನಲ್ಲಿ ಕಥೆಯನ್ನು ಮುಟ್ಟಿಸುವುದು ಒಂದು ರೂಢಿಯಾದಾಗ ಪ್ರಶ್ನೆಯೇ ಬದಲಾಗಿಬಿಡುತ್ತದೆ. 'ಚಳವಳಿ ತನ್ನವರನ್ನೇ ಕೊಂದಿತು' ಎಂಬುದು ಆ ಪ್ರಶ್ನೆ. ಒಂದೇ ವರ್ಷ ಮುಂದೆ ಹೋದರೆ ಬೇರೆ ಪ್ರಶ್ನೆ ಏಳುತ್ತದೆ: ತನ್ನವರು ಎಂದರೆ ಯಾರು, ಅದನ್ನು ತೀರ್ಮಾನಿಸಿದವರು ಯಾರು?

ಸೋನಗರು ಎಂದು ತಮಿಳಿನಲ್ಲಿ ಕರೆಯಿಸಿಕೊಳ್ಳುವ ಲಂಕೆಯ ಮುಸ್ಲಿಮರ ಮನೆಮಾತು ತಮಿಳು. ಜೋಗುಳ, ಬೈಗುಳ, ಜುಮಾದ ಉಪದೇಶ ಎಲ್ಲವೂ ಅದರಲ್ಲೇ. ಆದರೆ ನೀವು ತಮಿಳರೋ ಎಂದರೆ ಅವರು ಅಲ್ಲ ಎನ್ನುತ್ತಾರೆ. ಇದಕ್ಕೆ ಹಳೆಯ ಕಾರಣಗಳಿವೆ. 1880ರ ದಶಕದಲ್ಲಿ ಪೊನ್ನಂಬಲಂ ರಾಮನಾಥನ್ ಸೋನಗರು ಮತಾಂತರಗೊಂಡ ತಮಿಳರೇ ಎಂದು ವಾದಿಸಿದರು, ಐ.ಎಲ್.ಎಂ. ಅಬ್ದುಲ್ ಅಜೀಜ್ 1907ರಲ್ಲಿ ಅದಕ್ಕೆ ಪ್ರತಿ ಬರೆದರು. 1915ರಲ್ಲಿ ಮುಸ್ಲಿಮರ ಮೇಲೆ ಸಿಂಹಳರ ಗಲಭೆಯಾದಾಗ ಅದೇ ರಾಮನಾಥನ್ ಸೆರೆಯಾದ ಸಿಂಹಳ ನಾಯಕರ ಪರ ನಿಂತರು. ನೀವು ನಮ್ಮವರೇ ಎಂದು ಹೇಳಿದವರು ಪೆಟ್ಟು ಬಿದ್ದಾಗ ಇತ್ತ ಬರಲಿಲ್ಲ ಎಂಬ ನೆನಪು ಸಮುದಾಯದಲ್ಲಿ ಉಳಿದುಕೊಂಡಿತು. ಭಾಷೆ ಒಂದು, ಗುರುತು ಬೇರೆ ಎಂಬುದು ಅಲ್ಲಿ ಯಾರೋ ಹೊರಗಿನವರು ತುಂಬಿದ ವಿಚಾರವಲ್ಲ.

ನಮ್ಮಲ್ಲಿ ದಖ್ಖನಿ, ಬ್ಯಾರಿ, ನವಾಯತಿ ಮನೆಮಾತಿನವರಿಗೆ ಸಭೆ ಸಮಾರಂಭಗಳಲ್ಲಿ ಒಂದು ಉಪದೇಶ ಆಗಾಗ ಸಿಗುತ್ತದೆ. ಮನೆಯೊಳಗೂ ಕನ್ನಡವನ್ನೇ ಮಾತಾಡಿ, ಮುಖ್ಯವಾಹಿನಿಗೆ ಬನ್ನಿ, ಎಲ್ಲ ಸರಿಹೋಗುತ್ತದೆ ಎಂದು. ಹೇಳುವವರು ಒಳ್ಳೆಯವರೇ. ನಾವೂ ಕನ್ನಡದಲ್ಲಿ ಕಥೆ ಬರೆಯುವವರು, ಯಾರ ಉಪದೇಶದಿಂದಲೂ ಅಲ್ಲ, ಬರುತ್ತದೆ ಎಂಬ ಕಾರಣಕ್ಕೆ. 1994ರ ಅಕ್ಟೋಬರಿನಲ್ಲಿ ದೂರದರ್ಶನದ ಹತ್ತು ನಿಮಿಷದ ಉರ್ದು ವಾರ್ತೆಗಾಗಿ ಬೆಂಗಳೂರಿನಲ್ಲಿ ಹೆಣ ಬಿದ್ದಾಗಲೂ ಈ ಉಪದೇಶ ಕೇಳಿದ್ದೆವು. ಜಾಫ್ನಾದ ಸೋನಗತೆರುವಿನ ಜನ ಮನೆಯೊಳಗೆ ನೂರಾರು ವರ್ಷ ತಮಿಳನ್ನೇ ಆಡಿದ್ದರು. ಅವರ ಕವಿ ಸುಟ್ಟ ಗ್ರಂಥಾಲಯಕ್ಕೆ ತಮಿಳಿನಲ್ಲೇ ಶೋಕಿಸಿದ್ದ. ಅವರಿಗೂ ಎರಡು ಗಂಟೆಗಿಂತ ಹೆಚ್ಚು ಸಿಗಲಿಲ್ಲ.

ಆ ಅಕ್ಟೋಬರಿನಲ್ಲಿ ಉತ್ತರ ಪ್ರಾಂತ್ಯದ ಐದೂ ಜಿಲ್ಲೆಗಳಿಂದ ಹೊರಬಿದ್ದವರು ಸುಮಾರು 75 ಸಾವಿರ. ದರ್ಜಿಗಳು, ಕಬ್ಬಿಣದ ವ್ಯಾಪಾರಿಗಳು, ಲಾರಿ ಮಾಲೀಕರು, ಮನ್ನಾರಿನ ಮೀನುಗಾರರು, ರೈತರು. ಹೆಂಗಸರ ಕಿವಿಯೋಲೆಗಳನ್ನೂ ಬಿಡದೆ ಬಿಚ್ಚಿಸಿಕೊಂಡು ಕಳುಹಿಸಿದರು. ಬಹುಪಾಲು ಜನ ಪುತ್ತಳಂ ಜಿಲ್ಲೆ ಸೇರಿ, ಉಪ್ಪಿನ ಗದ್ದೆಗಳ ಆಸುಪಾಸಿನಲ್ಲಿ ತೆಂಗಿನಗರಿಯ ಗುಡಿಸಲು ಹಾಕಿಕೊಂಡರು. ಎರಡು ತಿಂಗಳ ಹಿಂದಷ್ಟೇ, ಆಗಸ್ಟ್ 3ರಂದು, ಪೂರ್ವದ ಕಾತ್ತಾನ್‌ಕುಡಿಯ ಎರಡು ಮಸೀದಿಗಳಲ್ಲಿ ಇಶಾ ನಮಾಜಿನಲ್ಲಿದ್ದ ನೂರಕ್ಕೂ ಹೆಚ್ಚು ಮಂದಿಯನ್ನು ಕೊಂದಿದ್ದರು. ಸಜ್ದಾದಲ್ಲಿದ್ದವರ ಬೆನ್ನಿಗೆ ಗುಂಡು ಬಿದ್ದಿತ್ತು. ಹತ್ತು ದಿನದೊಳಗೆ ಏರಾವೂರಿನಲ್ಲಿ ಮತ್ತೆ ನೂರಕ್ಕೂ ಹೆಚ್ಚು.

2002ರ ಏಪ್ರಿಲ್‌ನಲ್ಲಿ ಕಿಲಿನೊಚ್ಚಿಯ ಪತ್ರಿಕಾಗೋಷ್ಠಿಯಲ್ಲಿ ಪ್ರಭಾಕರನ್ ಪಕ್ಕ ಕುಳಿತ ಆಂಟನ್ ಬಾಲಸಿಂಗಂ ಉಚ್ಚಾಟನೆಯ ಬಗ್ಗೆ ವಿಷಾದ ಸೂಚಿಸಿದರು. ಅದನ್ನು ರಾಜಕೀಯ ಪ್ರಮಾದದ ಲೆಕ್ಕಕ್ಕೆ ಹಾಕುವ ಭಾಷೆ ಅಂದಿನಿಂದ ಬೆಳೆಯಿತು. ಪ್ರಮಾದ ಎನ್ನುವುದು ಚದುರಂಗ ಆಡುವವರ ಶಬ್ದ. ಕಾಯಿ ತಪ್ಪಾಗಿ ನಡೆಸಿದವನಿಗೆ ಅದು ಪ್ರಮಾದ, ಮಂಡಲದಿಂದ ಎತ್ತಿ ಎಸೆಯಲ್ಪಟ್ಟ ಕಾಯಿಗೆ ಅದರ ಹೆಸರು ಬೇರೆ.

ಆ ಹೆಸರನ್ನು ಹುಡುಕಿದ ಪುಸ್ತಕ ಬಂದದ್ದು ರಜನಿಯ ಮನೆಯಿಂದಲೇ. ಆಕೆಯ ಮಗಳು, ಮಾನವಶಾಸ್ತ್ರಜ್ಞೆ ಶಾರಿಕಾ ತಿರಣಗಮ 2011ರಲ್ಲಿ ಪ್ರಕಟಿಸಿದ 'ಇನ್ ಮೈ ಮದರ್ಸ್ ಹೌಸ್'ನಲ್ಲಿ ತಮಿಳರಷ್ಟೇ ಜಾಗ ಪುತ್ತಳಂನ ಉತ್ತರದ ಮುಸ್ಲಿಮರಿಗೂ ಇದೆ. ಶಾರಿಕಾ ಹಿಡಿದುಕೊಳ್ಳುವುದು 'ಊರ್' ಎಂಬ ಶಬ್ದವನ್ನು. ಕನ್ನಡಿಗರಿಗೆ ಅನುವಾದ ಬೇಕಿಲ್ಲ, ನಮ್ಮ ಊರೇ ಅದು. ಚಳವಳಿಯ ಶಬ್ದ 'ತಾಯಗಂ', ತಾಯ್ನಾಡು. ಅದಕ್ಕೆ ನಕ್ಷೆ ಬೇಕು, ಗಡಿ ಬೇಕು, ಧ್ವಜ ಬೇಕು. ಊರಿಗೆ ಬೇಕಾದದ್ದು ಬಾವಿ, ಪಕ್ಕದ ಮನೆ, ಸತ್ತವರನ್ನು ಹೂಳಿದ ಜಾಗ. ತಾಯ್ನಾಡಿಗಾಗಿ ಹೋರಾಡಿದವರು 75 ಸಾವಿರ ಜನರ ಊರನ್ನು ಕಸಿದರು ಎಂದಾಗ ಆ ಹೋರಾಟದ ಒಳಗಿನ ಬಿರುಕು ಕಾಣುತ್ತದೆ. ಗುಡಿಸಲುಗಳಲ್ಲಿ ಹುಟ್ಟಿದ ಮಕ್ಕಳಿಗೆ ಪುತ್ತಳಂ ಊರಾಗತೊಡಗಿದಾಗ, ಜಾಫ್ನಾವನ್ನೇ ಊರೆನ್ನುವ ತಂದೆತಾಯಿಗೆ ಮಕ್ಕಳೇ ಪರಕೀಯರಂತೆ ಕಾಣುವ ಸಂಕಟವನ್ನೂ ಶಾರಿಕಾ ಬಿಡದೆ ಬರೆಯುತ್ತಾರೆ. ಉರ್ದುವಿನಲ್ಲಿ ನಾವು ಓದಿ ಬೆಳೆದ 'ವತನ್' ಎಂಬ ಮಾತು ಊರಿಗೂ ಸಲ್ಲುತ್ತದೆ, ದೇಶಕ್ಕೂ ಸಲ್ಲುತ್ತದೆ. ಒಂದೇ ಶಬ್ದದಲ್ಲಿ ಎರಡನ್ನೂ ತುಂಬಿದ್ದರಿಂದಲೇ ಅದು ಇಷ್ಟು ಸುಲಭವಾಗಿ ಮೋಸಕ್ಕೆ ಸಿಗುತ್ತದೆಯೋ ಏನೋ.

ಇಷ್ಟು ಹೇಳಿ ನಿಲ್ಲಿಸಿದರೆ ನಾವೂ ಅರ್ಧ ಚರಿತ್ರೆ ಬರೆದಂತೆ. ಕಾತ್ತಾನ್‌ಕುಡಿಯನ್ನು ನೆನೆಯುವ ಮುಸ್ಲಿಂ ಬರಹಗಳು ವೀರಮುನೈಯನ್ನು ನೆನೆಯುವುದು ಅಪರೂಪ. ಅದೇ 1990ರ ಆಗಸ್ಟಿನಲ್ಲಿ ಅಲ್ಲಿನ ಪಿಳ್ಳೈಯಾರ್ ದೇವಸ್ಥಾನದಲ್ಲಿ ಆಶ್ರಯ ಪಡೆದಿದ್ದ ತಮಿಳರನ್ನು ಕೊಂದವರಲ್ಲಿ ಸರ್ಕಾರ ಬಂದೂಕು ಕೊಟ್ಟ ಮುಸ್ಲಿಂ ಗೃಹರಕ್ಷಕರಿದ್ದರು. 2009ರ ಮೇ ತಿಂಗಳಲ್ಲಿ ಮುಳ್ಳಿವಾಯ್ಕಾಲಿನ ಮರಳುಪಟ್ಟಿಯಲ್ಲಿ ಹುಲಿಗಳು ಹಿಡಿದಿಟ್ಟುಕೊಂಡ, ಸೈನ್ಯ ಶೆಲ್ ಸುರಿದ ಜನ ತಮಿಳರು. ಕೊನೆಯ ಹಂತದಲ್ಲಿ 40 ಸಾವಿರದವರೆಗೂ ನಾಗರಿಕರು ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ಆಗ ಹುಲಿಗಳು ಸತ್ತರೆಂದು ಒಳಗೊಳಗೇ ಸಮಾಧಾನಪಟ್ಟವರು ನಮ್ಮ ನಡುವೆಯೂ ಇದ್ದರು. 2020ರಲ್ಲಿ ಕೋವಿಡ್ ನೆಪದಲ್ಲಿ ಅದೇ ಪ್ರಭುತ್ವ ಮುಸ್ಲಿಮರ ಮಯ್ಯತ್‌ಗಳನ್ನು ಬಲವಂತವಾಗಿ ಸುಡಿಸಿದಾಗ ಆ ಸಮಾಧಾನ ಎಲ್ಲಿಗೆ ಬಂತು ಎಂದು ಅವರೇ ನೋಡಿಕೊಂಡಿರಬೇಕು.

ಈ ಇಡೀ ಗಂಟನ್ನು ಕಾದಂಬರಿಯಾಗಿ ಬಿಚ್ಚಲು ಯತ್ನಿಸಿದವರು ಏರಾವೂರಿನ ಶರ್ಮಿಳಾ ಸೆಯ್ಯದ್. ಅವರ 'ಉಮ್ಮತ್'ನಲ್ಲಿ ಯುದ್ಧ ಮುಗಿದ ಮೇಲೆ ಯಾರಿಗೂ ಬೇಡವಾದ ಮಾಜಿ ಹೋರಾಟಗಾರ್ತಿಯರಿದ್ದಾರೆ. ಅವರ ನಡುವೆ ಕೆಲಸ ಮಾಡುವ ತವಕ್ಕುಲ್ ಎಂಬ ಮುಸ್ಲಿಂ ಹೆಣ್ಣುಮಗಳಿದ್ದಾಳೆ. ಆಗಸ್ಟ್ 1990ರಲ್ಲಿ ಹುಲಿಗಳ ಗುಂಡಿಗೆ ತುತ್ತಾದ ಊರಿನ ಲೇಖಕಿ, ಹುಲಿಯಾಗಿದ್ದ ಹುಡುಗಿಯ ಹಸಿವಿನ ಬಗ್ಗೆ ಬರೆದಿದ್ದಾರೆ. ಶಿಲ್ಪದ ದೃಷ್ಟಿಯಿಂದ ಕಾದಂಬರಿ ಕೆಲವೆಡೆ ಸಡಿಲ; ಪಾತ್ರಗಳು ಲೇಖಕಿಯ ವಾದವನ್ನು ಹೊತ್ತು ಮಾತಾಡುವ ಪುಟಗಳೂ ಇವೆ. ಆದರೆ ಸಮುದಾಯ ಎಂಬ ಅರ್ಥದ ಶೀರ್ಷಿಕೆಯೊಳಗೆ ತಮಿಳು ಹೆಣ್ಣುಮಕ್ಕಳಿಗೆ ಜಾಗ ಮಾಡಿಕೊಟ್ಟ ಆ ಧೈರ್ಯವನ್ನು ನಾವು ಬೇರೆಲ್ಲೂ ಕಂಡಿಲ್ಲ.

2012ರಲ್ಲಿ ರೇಡಿಯೊ ಸಂದರ್ಶನವೊಂದರಲ್ಲಿ ಲೈಂಗಿಕ ಕಾರ್ಯಕರ್ತೆಯರ ಪರವಾಗಿ ಆಡಿದ ಮಾತಿಗೆ ಶರ್ಮಿಳಾ ಅವರಿಗೆ ಬೆದರಿಕೆಗಳು ಬಂದವು. ಅವರು ಊರು ಬಿಡಬೇಕಾಯಿತು, ದೇಶವನ್ನೂ ಬಿಡಬೇಕಾಯಿತು. ಈ ಸಲ ಊರು ಬಿಡಿಸಿದವರು ಹುಲಿಗಳಲ್ಲ, ಕಲಿಮಾ ಓದುವವರು. 'ಉಮ್ಮತ್' ಆಗಲೇ ಇಂಗ್ಲಿಷಿಗೆ ಹೋಗಿದೆ. ತಮಿಳು ಬಲ್ಲ ಕನ್ನಡಿಗರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಈಳಂ ಸಾಹಿತ್ಯವನ್ನು ಕನ್ನಡಕ್ಕೆ ತರಬೇಕೆಂದು ಯಾರಾದರೂ ಕುಳಿತರೆ ಈ ಕಾದಂಬರಿಯಿಂದ ಆರಂಭಿಸಲಿ. ಜತೆಗೆ ನುಹ್ಮಾನರ ಆ ಕವಿತೆಯನ್ನು ಮುಂದಿಡಲಿ, ಕವಿತೆಯ ಕೆಳಗೆ ಬರೆದ ವರ್ಷವನ್ನೂ ಅಚ್ಚು ಹಾಕಲಿ.