ರಿಲಯನ್ಸ್ ಕಟ್ಟಡದ ಬಿಳಿ ಮೈ

ಶಿಕಾಗೊ ನಗರದಲ್ಲಿ ಸ್ಟೇಟ್ ಮತ್ತು ವಾಷಿಂಗ್ಟನ್ ಬೀದಿಗಳು ಕೂಡುವ ಮೂಲೆಯಲ್ಲಿರುವ ರಿಲಯನ್ಸ್ ಕಟ್ಟಡ ಪೂರ್ಣಗೊಂಡಿದ್ದು 1895ರಲ್ಲಿ. ಎತ್ತರ ಸುಮಾರು 200 ಅಡಿ. ಇದರ ನಾಲ್ಕೈದು ಪಟ್ಟು ಎತ್ತರದವು ಆಮೇಲೆ ಅದೇ ಊರಿನಲ್ಲಿ ಎದ್ದಿವೆ. ಆದರೂ ಗಗನಚುಂಬಿಗಳ ಚರಿತ್ರೆ ಬರೆಯುವವರು ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಗೋಡೆ ಇನ್ನು ಭಾರ ಹೊರಬೇಕಿಲ್ಲ ಎಂಬುದನ್ನು ಇಷ್ಟು ನಿಚ್ಚಳವಾಗಿ ತೋರಿದ ಕಟ್ಟಡ ಆ ಕಾಲದಲ್ಲಿ ಅಪರೂಪ. ಇದನ್ನು ರೂಪಿಸಿದ ವಾಸ್ತುಶಿಲ್ಪ ಸಂಸ್ಥೆಯೇ ಕೆಲವೇ ವರ್ಷ ಮೊದಲು ಕಟ್ಟಿದ 16 ಅಂತಸ್ತಿನ ಮೊನಾಡ್‌ನಾಕ್ ಕಟ್ಟಡದ ಇಟ್ಟಿಗೆ ಗೋಡೆ ಬುಡದಲ್ಲಿ 6 ಅಡಿ ದಪ್ಪ. ಇಲ್ಲಿ ಗೋಡೆ ಎನ್ನುವುದು ಬಹುಪಾಲು ಗಾಜು.

ಕಟ್ಟಿದ ಬಗೆಯೂ ವಿಚಿತ್ರ. ಲಿಫ್ಟ್ ಉದ್ಯಮಿ ವಿಲಿಯಂ ಹೇಲ್ ಕೊಂಡ ನಿವೇಶನದಲ್ಲಿ ಹಳೆಯ ಕಟ್ಟಡವೊಂದಿತ್ತು. ಅದರ ಮೇಲಂತಸ್ತಿನ ಬಾಡಿಗೆದಾರರ ಕರಾರು 1894ರವರೆಗೆ ಮುಗಿಯುವಂತಿರಲಿಲ್ಲ. 1890ರಲ್ಲಿ ಆ ಅಂತಸ್ತುಗಳನ್ನು ಸ್ಕ್ರೂ ಜಾಕ್‌ಗಳ ಮೇಲೆ ನಿಲ್ಲಿಸಿ, ಅವರು ಮೇಲೆ ಇದ್ದಂತೆಯೇ ಕೆಳಗೆ ಹೊಸ ಅಡಿಪಾಯ ಹಾಕಿ ನೆಲ ಅಂತಸ್ತು ಕಟ್ಟಲಾಯಿತು. ಅದನ್ನು ರೂಪಿಸಿದ ವಾಸ್ತುಶಿಲ್ಪಿ ಜಾನ್ ರೂಟ್ 1891ರ ಜನವರಿಯಲ್ಲಿ ತೀರಿಕೊಂಡರು. ಮುಂದಿನ ವಿನ್ಯಾಸ ವಾಸ್ತುಶಿಲ್ಪಿ ಚಾರ್ಲ್ಸ್ ಅಟ್‌ವುಡ್ ಕೈಗೆ ಬಂತು. ಕರಾರು ಮುಗಿದ ಮೇಲೆ, ಎಂಜಿನಿಯರ್ ಎಡ್ವರ್ಡ್ ಶ್ಯಾಂಕ್‌ಲೆಂಡ್ ಲೆಕ್ಕಹಾಕಿದ ಉಕ್ಕಿನ ಚೌಕಟ್ಟಿನ ಮೇಲಿನ ಹತ್ತು ಅಂತಸ್ತು ಹದಿನೈದೇ ದಿನದಲ್ಲಿ ಎದ್ದು ನಿಂತಿತು.

ಅಟ್‌ವುಡ್ ಈ ಚೌಕಟ್ಟಿಗೆ ಹೊದಿಸಿದ್ದು ಬಿಳಿ ಮೆರುಗಿನ ಟೆರಾಕೋಟಾ. ಕಲ್ಲಿದ್ದಲಿನ ಹೊಗೆಯಲ್ಲಿ ಮುಳುಗಿದ್ದ ಶಿಕಾಗೊದಲ್ಲಿ ಮಳೆಯೇ ಮಸಿಯನ್ನು ತೊಳೆಯುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು. ನಡುವೆ ತೆರೆಯಲಾಗದ ದೊಡ್ಡ ಗಾಜು, ಎರಡು ಬದಿಗೆ ಗಾಳಿಗೆಂದು ತೆರೆಯುವ ಸಣ್ಣ ಕಿಟಕಿ: ಈ ಶಿಕಾಗೊ ಕಿಟಕಿಗಳು ಮುಂಚಾಚಿ ನಿಂತು ಕೋಣೆಯ ಒಳಗಿನವರೆಗೂ ಬೆಳಕು ಹಾಯಿಸುತ್ತವೆ. ವೈದ್ಯರು, ದಂತವೈದ್ಯರು ಇಲ್ಲಿ ಕೊಠಡಿ ಹಿಡಿದದ್ದು ಸಹಜವೇ.

ಕೇಡು ಬಂದದ್ದು ಸಂದುಗಳಿಂದ. ಟೆರಾಕೋಟಾ ತುಂಡುಗಳ ನಡುವಿನ ಗಾರೆ ಸಡಿಲವಾದರೆ ನೀರು ಒಳಗಿಳಿಯುತ್ತದೆ, ಹಿಂದಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದ ಕಬ್ಬಿಣ ಸುಟ್ಟಮಣ್ಣನ್ನು ಒಳಗಿಂದಲೇ ಸೀಳುತ್ತದೆ. ಮೆರುಗಿನಲ್ಲಿ ಕೂದಲೆಳೆಯ ಬಿರುಕು ಕಣ್ಣಿಗೆ ಬೀಳುವ ಹೊತ್ತಿಗೆ ತುಂಡುಗಳನ್ನು ಹಿಡಿದಿಟ್ಟ ಒಳಗಿನ ಕೊಕ್ಕೆ ಸವೆದಿರಬಹುದು. ಇಪ್ಪತ್ತನೆಯ ಶತಮಾನದ ನಡುವೆ ತುದಿಯ ಚಾಚುಪಟ್ಟಿಯನ್ನೇ ಕಿತ್ತುಹಾಕಲಾಯಿತು. ಬಾಡಿಗೆದಾರರು ಕರಗಿದರು, ಮಸಿ ಉಳಿಯಿತು. 1976ರಲ್ಲಿ ರಾಷ್ಟ್ರೀಯ ಚಾರಿತ್ರಿಕ ಸ್ಮಾರಕದ ಮಾನ್ಯತೆ ದೊರೆತರೂ ಸೋರುವ ಗೋಡೆಗೆ ಅದರಿಂದ ಆಸರೆಯೇನೂ ಸಿಗಲಿಲ್ಲ.

1990ರ ದಶಕದಲ್ಲಿ ನಗರಾಡಳಿತವೇ ಕಟ್ಟಡವನ್ನು ಕೊಂಡಿತು. ಟೆರಾಕೋಟಾವನ್ನು ತೊಳೆದು, ಕೆಟ್ಟ ತುಂಡುಗಳ ಜಾಗದಲ್ಲಿ ಅದೇ ಅಚ್ಚಿನ, ಅದೇ ಬಣ್ಣದ ಹೊಸವನ್ನು ಕೂಡಿಸಿ, ಕಳೆದುಹೋಗಿದ್ದ ಚಾಚುಪಟ್ಟಿಯನ್ನು ಮರುರೂಪಿಸಲಾಯಿತು. 1999ರಲ್ಲಿ ಅದು ಹೋಟೆಲ್ ಆಯಿತು. ಈ ಆಯ್ಕೆ ಸರಿಯಾದದ್ದು: ವೈದ್ಯರ ಸಣ್ಣ ಕೊಠಡಿಗಳ ಸಾಲು ಅತಿಥಿಗಳ ಕೋಣೆಗಳಾಗಲು ಹೇಳಿ ಮಾಡಿಸಿದಂತಿತ್ತು, ಒಳಗನ್ನೆಲ್ಲ ಬಗೆದುಹಾಕಿ ಹೊರಮೈ ಮಾತ್ರ ಉಳಿಸುವ ಪ್ರಮೇಯ ಬರಲಿಲ್ಲ. ಸಂದುಗಳ ತಪಾಸಣೆಯಂತೂ ಕಟ್ಟಡ ನಿಂತಿರುವಷ್ಟು ಕಾಲ ನಡೆಯಲೇಬೇಕು.