ಈನೋನೆ ಮತ್ತು ಪರವೆ: ಒಂದು ತೌಲನಿಕ ವಿವೇಚನೆ

ಪುರಾಣಕಥೆಗಳಲ್ಲಿ ನಾಯಕನ ಕೀರ್ತಿಯ ನೆರಳಿನಲ್ಲಿಯೇ ನಿಂತುಬಿಡುವ ಸ್ತ್ರೀಪಾತ್ರಗಳು ಅನೇಕ. ಗ್ರೀಕರ ಪುರಾಣದಲ್ಲಿ ಇವರು ಬಹುಮಟ್ಟಿಗೆ ‘ನಿಂಫ್’ಗಳು, ಗಿರಿ, ವನ, ನದಿ, ಚಿಲುಮೆಗಳಲ್ಲಿ ನೆಲೆಸಿದ ಕಿರುದೇವತೆಯರು. ಅಪೊಲೊ ದೇವನಿಂದ ತಪ್ಪಿಸಿಕೊಳ್ಳಲು ಡಾಫ್ನೆ ಮರವಾಗುತ್ತಾಳೆ. ನಾರ್ಸಿಸಸನ ಒಲವು ದೊರೆಯದ ಎಕೊ ದೇಹ ಕರಗಿ ಬರಿಯ ಮರುದನಿಯಾಗುತ್ತಾಳೆ. ಇವರ ನೋವನ್ನು ಕೇಳುವವರಿಲ್ಲ.

ಈ ಸಾಲಿನಲ್ಲಿ ಈಡಾ ಪರ್ವತದ ಈನೋನೆಯ ಕಥೆ ವಿಶೇಷವಾಗಿ ಮನನೀಯವಾದುದು. ಇವಳು ಕೆಬ್ರೆನ್ ನದಿದೇವತೆಯ ಮಗಳು, ಟ್ರಾಯ್ ನಗರದ ರಾಜಪುತ್ರ ಪಾರಿಸನ ಮೊದಲ ಮಡದಿ. ಹೆಲೆನಳಿಗಾಗಿ ಅವನು ಇವಳನ್ನು ತೊರೆದನು. ಮುಂದೆ ಯುದ್ಧದಲ್ಲಿ ಫಿಲೊಕ್ಟೀಟಿಸನ ಬಾಣ ತಗುಲಿದಾಗ, ಗಾಯವನ್ನು ಮಾಯಿಸಬಲ್ಲವಳು ಇವಳೊಬ್ಬಳೇ ಎಂದು ಮೊರೆಹೊಕ್ಕನು. ಇವಳು ನಿರಾಕರಿಸಿದಳು. ಅವನು ಮಡಿದನು, ಪಶ್ಚಾತ್ತಾಪದಿಂದ ಬೆಂದು ಇವಳೂ ಪ್ರಾಣ ನೀಗಿದಳು.

ಇಂತಹುದೇ ಸನ್ನಿವೇಶ ಶಿವಭಕ್ತಿ ಸಾಹಿತ್ಯದಲ್ಲಿಯೂ ಉಂಟು. ಸುಂದರಮೂರ್ತಿ ನಾಯನಾರರ ಚರಿತೆಯನ್ನು ತಮಿಳಿನಲ್ಲಿ ಸೇಕ್ಕಿಳಾರರು ‘ಪೆರಿಯ ಪುರಾಣ’ದಲ್ಲಿಯೂ, ಕನ್ನಡದಲ್ಲಿ ಹರಿಹರನು ‘ನಂಬಿಯಣ್ಣನ ರಗಳೆ’ಯಲ್ಲಿಯೂ ಹಾಡಿದ್ದಾರೆ. ಗಣಿಗೆಲಸಕ್ಕೆ ಬಂದು ನೆಲೆಸಿದ ತಮಿಳರೂ ಕನ್ನಡಿಗರೂ ಕೂಡಿ ಬಾಳುವ ಉರಿಗಾಂನಂತಹ ಊರಿನ ವಿದ್ಯಾರ್ಥಿಗೆ ಇವೆರಡನ್ನೂ ಒಟ್ಟಿಗಿಟ್ಟು ನೋಡುವುದು ಸುಲಭ. 2001ರಲ್ಲಿ ಚಿನ್ನದ ಗಣಿ ಮುಚ್ಚಿದರೂ ಆ ನುಡಿನೆರೆ ಅಳಿದಿಲ್ಲ.

ಪೆರಿಯ ಪುರಾಣದ ಪ್ರಕಾರ ಪರವೆ, ಸಂಕಿಲೆಯರು ಮೂಲತಃ ಕೈಲಾಸದಲ್ಲಿ ಪಾರ್ವತಿಯ ಸಖಿಯರಾದ ಕಮಲಿನಿ, ಅನಿಂದಿತೆಯರು. ತಿರುವಾರೂರಿನ ಪರವೆಯನ್ನು ಬಿಟ್ಟು ಹೋದ ನಂಬಿಯು ತಿರುವೊತ್ತಿಯೂರಿನಲ್ಲಿ ಸಂಕಿಲೆಯನ್ನು ವರಿಸಿದನು. ಮರಳಿ ಬಂದಾಗ ಪರವೆ ಅವನನ್ನು ಮನೆಗೆ ಸೇರಿಸಲಿಲ್ಲ. ಆಗ ಸಾಕ್ಷಾತ್ ಶಿವನೇ ದೂತನಾಗಿ ನಡುರಾತ್ರಿಯಲ್ಲಿ ಅವಳ ಬಾಗಿಲಿಗೆ ನಡೆದನು. ಪೂಜಾರಿಯ ವೇಷದಲ್ಲಿ ಬಂದವನನ್ನು ಅವಳು ಹಿಂದಿರುಗಿಸಿದಳು. ಎರಡನೆಯ ಬಾರಿ ನಿಜರೂಪದಲ್ಲಿ ಬಂದಾಗ ಸಮ್ಮತಿಸಿದಳು.

ಈ ಪ್ರಸಂಗವನ್ನು ಸಾಮಾನ್ಯವಾಗಿ ನಂಬಿಯ ಮೇಲಣ ಶಿವನ ವಾತ್ಸಲ್ಯಕ್ಕೆ ನಿದರ್ಶನವೆಂದು ಮಾತ್ರ ಓದಲಾಗುತ್ತದೆ. ಆದರೆ ಶಿವನು ಆಜ್ಞಾಪಿಸಲಿಲ್ಲ, ಬೇಡಿದನು. ಒಮ್ಮೆ ಬರಿಗೈಯಲ್ಲಿ ಮರಳಿದನು. ಪರವೆಯ ಮುನಿಸು ನ್ಯಾಯವಾದುದೆಂಬ ಒಪ್ಪಿಗೆ ಆ ನಡೆಯಲ್ಲಿಯೇ ಅಡಗಿದೆ. ಈನೋನೆಯ ನೋವಿಗೆ ಕಿವಿಗೊಡುವ ದೇವರಿರಲಿಲ್ಲ. ಆದುದರಿಂದ ಅವಳ ನಿರಾಕರಣೆ ಸಾವಿನಲ್ಲಿ ಮುಗಿಯಿತು. ಪರವೆಯ ನಿರಾಕರಣೆಗೆ ದೇವರೇ ತಲೆಬಾಗಿದನು. ಆದುದರಿಂದ ಅದು ಕೂಟದಲ್ಲಿ ಮುಗಿಯಿತು.

ಸಂಕಿಲೆಯ ವಿಷಯದಲ್ಲಿ ಇಷ್ಟು ಸಮಾಧಾನವಿಲ್ಲ. ಅಗಲುವುದಿಲ್ಲವೆಂದು ಅವಳಿಗಿತ್ತ ಆಣೆಯನ್ನು ಮುರಿದುದಕ್ಕೆ ನಂಬಿಯು ಕಣ್ಣುಗಳನ್ನು ಕಳೆದುಕೊಂಡನು. ಪರಮಭಕ್ತನಾದರೂ ಹೆಣ್ಣಿಗೆ ಕೊಟ್ಟ ಮಾತಿಗೆ ತಪ್ಪಿದರೆ ದಂಡ ತಪ್ಪದೆಂಬುದು ದಿಟ. ಆದರೆ ಕಂಚಿಯಲ್ಲಿ ಒಂದು, ತಿರುವಾರೂರಿನಲ್ಲಿ ಇನ್ನೊಂದು ಕಣ್ಣು ಅವನಿಗೆ ಮರಳಿದ ಮೇಲೆ, ತಿರುವೊತ್ತಿಯೂರಿನಲ್ಲಿ ಉಳಿದವಳ ಬಾಗಿಲಿಗೆ ಯಾವ ದೂತನೂ ಹೋಗಲಿಲ್ಲ. ಕೊನೆಗೆ ಕೈಲಾಸದಲ್ಲಿ ಅವಳಿಗೆ ಮೊದಲಿನ ಸೇವೆ ಮರಳಿ ದೊರೆಯುತ್ತದೆ. ಭುವಿಯಲ್ಲಿ ಅವಳು ಕಾದ ದಿನಗಳ ಮಾತು ಬರುವುದಿಲ್ಲ. ಭಕ್ತನ ಮಹಿಮೆಯನ್ನು ಓದಿ ತಣಿಯುವವರು ಆ ಮೌನವನ್ನೂ ಓದಿಕೊಳ್ಳಬೇಕಾಗಿದೆ.