ಬಾಲೂ ತಮ್ಮ: ದಪ್ಪ ಮೈಯ ಅಕ್ಷರಕ್ಕೆ ಎಲ್ಲಿ ಕೆಲಸ?

ಅಂಗಡಿಯ ಫಲಕ, ಶಾಲಾ ವಾರ್ಷಿಕೋತ್ಸವದ ಆಮಂತ್ರಣ, ಮಕ್ಕಳ ಪುಸ್ತಕದ ಮುಖಪುಟ – ಇಂಥ ಕಡೆ ದಪ್ಪ ಮೈಯ, ತುದಿಗಳೆಲ್ಲ ದುಂಡಗಾದ ಅಕ್ಷರಗಳನ್ನು ನೀವು ನೋಡಿರುತ್ತೀರಿ. ಇವನ್ನು 'ಡಿಸ್‌ಪ್ಲೇ ಫಾಂಟ್' ಎನ್ನುತ್ತಾರೆ. ಪುಟಗಟ್ಟಲೆ ಓದಲು ಮಾಡಿದ ಅಕ್ಷರಗಳಲ್ಲ ಇವು. ದೂರದಿಂದಲೇ ಕಣ್ಣಿಗೆ ಬೀಳಲೆಂದು ಮಾಡಿದವು. ಕನ್ನಡದಲ್ಲಿ ಈ ಬಗೆಗೆ ಒಳ್ಳೆಯ ಉದಾಹರಣೆ 'ಬಾಲೂ ತಮ್ಮ'. ಅದರ ಗುಣವೇನು, ಮಿತಿಯೇನು ಎಂದು ಪರಿಶೀಲಿಸೋಣ.

ದಪ್ಪ-ದುಂಡು ಅಕ್ಷರಗಳು ಹೊಸತೇನಲ್ಲ. ಅಮೆರಿಕದ ಷಿಕಾಗೋ ನಗರದ ಆಸ್ವಾಲ್ಡ್ ಕೂಪರ್ ರೂಪಿಸಿದ 'ಕೂಪರ್ ಬ್ಲ್ಯಾಕ್' 1922ರಲ್ಲೇ ಬಂತು. ಜಾಹೀರಾತುಗಳಲ್ಲಿ ಬಹಳ ಮೆರೆಯಿತು. ರೋಮನ್ ಲಿಪಿಯಲ್ಲಿ ನೇರ ಗೆರೆ, ಚೂಪು ಮೂಲೆಗಳು ಹೆಚ್ಚು. ಅವನ್ನು ದುಂಡಗೆ ಮಾಡಿದೊಡನೆ ಬಿಗುವು ಹೋಗಿ ಸಲುಗೆ ಬರುತ್ತದೆ. ಕನ್ನಡ ಲಿಪಿಯಾದರೋ ಮೊದಲೇ ದುಂಡು. ಆದ್ದರಿಂದ ನಮ್ಮಲ್ಲಿ ದುಂಡುತನ ಒಂದರಿಂದಲೇ ಹೊಸ ಪರಿಣಾಮ ಹುಟ್ಟದು. ದಪ್ಪವೇ ಹೆಚ್ಚಿನ ಕೆಲಸ ಮಾಡಬೇಕು. ತೊಡಕು ಇರುವುದೂ ಅಲ್ಲಿಯೇ.

ಬಾಲೂ ಮುಂಬೈಯ 'ಏಕ್ ಟೈಪ್' ಬಳಗ 2010ರ ದಶಕದಲ್ಲಿ ಹೊರತಂದ ಫಾಂಟ್ ಕುಟುಂಬ. ಹಿಂದಿಯಲ್ಲಿ ಭಾಲೂ ಎಂದರೆ ಕರಡಿ. ಹೆಸರಿಗೆ ತಕ್ಕಂತೆ ಅಕ್ಷರಗಳೂ ತುಂಬಿಕೊಂಡಿವೆ. ಈ ಕುಟುಂಬದಲ್ಲಿ ಕನ್ನಡದ್ದು ತಮ್ಮ, ತೆಲುಗಿನದು ತಮ್ಮುಡು, ತಮಿಳಿನದು ತಂಬಿ, ಮಲಯಾಳದ್ದು ಚೇಟ್ಟನ್, ಗುಜರಾತಿಯದು ಭಾಯ್. ಹೆಸರಿನ ತಮಾಷೆಯ ಹಿಂದೆ ಒಂದು ಗಂಭೀರ ಉದ್ದೇಶವಿದೆ. ಪ್ರತಿ ಫಾಂಟ್‌ನಲ್ಲೂ ಆಯಾ ಭಾರತೀಯ ಲಿಪಿಯ ಜೊತೆಗೆ ರೋಮನ್ ಅಕ್ಷರಗಳೂ ಒಂದೇ ತೂಕದಲ್ಲಿವೆ. ನಮ್ಮ ದ್ವಿಭಾಷಾ ಫಲಕಗಳಲ್ಲಿ ಇಂಗ್ಲಿಷ್ ದಪ್ಪಗೆ, ಕನ್ನಡ ಸಣಕಲಾಗಿ ಕಾಣುವುದು ಸಾಮಾನ್ಯ. ಬಾಲೂ ತಮ್ಮ ಬಳಸಿದಾಗ ಕನ್ನಡ ಸರಿಸಮನಾಗಿ ನಿಲ್ಲುತ್ತದೆ. ಇದು ಈ ಫಾಂಟ್‌ನ ಮೊದಲ ಹಾಗೂ ದೊಡ್ಡ ಗುಣ.

ಎರಡನೆಯ ಗುಣ ತಾಂತ್ರಿಕವಾದದ್ದು. ಇದು ಯೂನಿಕೋಡ್ ಫಾಂಟ್. ಒತ್ತಕ್ಷರ, ಗುಣಿತಗಳು ಎಲ್ಲಿ ಹೇಗೆ ಕೂಡಬೇಕೆಂಬ ನಿಯಮಗಳು ಫಾಂಟ್‌ನ ಒಳಗೇ ಇವೆ. ಮುಕ್ತ ಪರವಾನಗಿಯಲ್ಲಿ ಸಿಗುವುದರಿಂದ ಹಳ್ಳಿಯ ಶಾಲೆಯೂ ಸಣ್ಣ ಮುದ್ರಣಾಲಯವೂ ಹಣ ಕೊಡದೆ ಬಳಸಬಹುದು, ಬೇಕಾದರೆ ತಿದ್ದಿಕೊಳ್ಳಲೂಬಹುದು.

ಇನ್ನು ಮಿತಿ. ಕನ್ನಡದಲ್ಲಿ ಎಷ್ಟೋ ಅಕ್ಷರಗಳ ನಡುವಣ ವ್ಯತ್ಯಾಸ ಒಂದು ಪುಟ್ಟ ಸೀಳು ಅಥವಾ ಚುಕ್ಕೆ ಅಷ್ಟೆ. ದ-ಧ, ಬ-ಭ, ಪ-ಫ ಇವುಗಳ ನಡುವೆ ಕೆಳಗಿನ ಸೀಳು. ರ-ಠ, ಧ-ಥ ಇವುಗಳ ನಡುವೆ ಹೊಟ್ಟೆಯೊಳಗಿನ ಚುಕ್ಕೆ. ಪ-ಷ ಇವುಗಳ ನಡುವೆ ಹೊಟ್ಟೆ ಸೀಳುವ ಗೆರೆ. ಗೆರೆ ದಪ್ಪವಾದಂತೆ ಒಳಗಿನ ಬಿಳಿ ಜಾಗ ಕಿರಿದಾಗುತ್ತದೆ, ಸೀಳು ಮುಚ್ಚಿಕೊಳ್ಳುತ್ತದೆ. ಮುದ್ರಣದ 1 ಪಾಯಿಂಟ್ ಸುಮಾರು 0.35 ಮಿಲಿಮೀಟರ್. 10 ಪಾಯಿಂಟ್ ಎಂದರೆ ಒಟ್ಟು 3.5 ಮಿಲಿಮೀಟರ್. ತಲೆಕಟ್ಟು, ಅಕ್ಷರದ ಮೈ, ಕೆಳಗಿನ ಒತ್ತು ಎಲ್ಲವೂ ಹೆಚ್ಚುಕಡಿಮೆ ಇಷ್ಟರಲ್ಲೇ ಹಿಡಿಯಬೇಕು. ಅಗ್ಗದ ಕಾಗದದಲ್ಲಿ ಶಾಯಿ ಹರಡಿದರಂತೂ ಚುಕ್ಕೆ ಮಾಯ. ಆಗ 'ದನ', 'ಧನ' ಎರಡೂ ಒಂದೇ. 'ಕಥನ'ವು 'ಕದನ'ವಾದರೂ ಆಶ್ಚರ್ಯವಿಲ್ಲ.

ಓದಿ ಪಳಗಿದ ನಮಗೆ ಇದು ತೊಂದರೆಯಲ್ಲ. ಸಂದರ್ಭ ನೋಡಿ ಪದವನ್ನು ಊಹಿಸಿಬಿಡುತ್ತೇವೆ. ಆದರೆ ಅಕ್ಷರ ಕಲಿಯುತ್ತಿರುವ ಮಗುವಿಗೆ ಊಹಿಸಲು ಪದಸಂಪತ್ತು ಇನ್ನೂ ಇಲ್ಲ. ಅದು ಸೀಳನ್ನೂ ಚುಕ್ಕೆಯನ್ನೂ ನೋಡಿಯೇ ಓದಬೇಕು. ಮಕ್ಕಳಿಗೆ ಮುದ್ದಾಗಿ ಕಾಣಲೆಂದು ಇಡೀ ಪಾಠವನ್ನು ಇಂಥ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದರೆ, ಯಾರಿಗಾಗಿ ಮುದ್ದು ಮಾಡಿದೆವೋ ಅವರಿಗೇ ಕಷ್ಟ ಕೊಟ್ಟಂತೆ. ಕೀಟನಾಶಕದ ಸೀಸೆಯ ಮೇಲೆ 'ವಿಷ' ಎಂದು ಸಣ್ಣದಾಗಿ ಬರೆಯುವಾಗಲೂ ಅಷ್ಟೆ. ಅಲ್ಲಿ ಸೀಳು ಕಾಣಲೇಬೇಕು. ಮೇಲಾಗಿ ಎಚ್ಚರಿಕೆಯ ಮಾತಿಗೆ ಸಲುಗೆಯ ದನಿ ಒಪ್ಪದು.

ಮೊದಲು ಒಂದೇ ದಪ್ಪ ತೂಕದಲ್ಲಿದ್ದ ಫಾಂಟ್ ನಂತರ 'ಬಾಲೂ ತಮ್ಮ 2' ಆಗಿ, ರೆಗ್ಯುಲರ್‌ನಿಂದ ಎಕ್ಸ್‌ಟ್ರಾ ಬೋಲ್ಡ್‌ವರೆಗೆ ಐದು ತೂಕಗಳನ್ನು ಪಡೆಯಿತು. ಇದು ಸ್ವಾಗತಾರ್ಹ. ಉಪಶೀರ್ಷಿಕೆ, ಚಿತ್ರದಡಿಯ ಸಾಲು ಇವಕ್ಕೆ ಹಗುರ ತೂಕಗಳು ಹೊಂದುತ್ತವೆ. ಆದರೂ ದುಂಡು ತುದಿಯ ಅದೇ ಲಘು ದನಿ ಉಳಿದಿರುವುದರಿಂದ ದೀರ್ಘ ಲೇಖನಕ್ಕೆ ಬೇರೆ ಪಠ್ಯ ಫಾಂಟ್ ಆರಿಸುವುದೇ ಲೇಸು.

ನೀವೇ ಒಂದು ಪರೀಕ್ಷೆ ಮಾಡಿ ನೋಡಿ. 'ದನ, ಧನ, ಕದನ, ಕಥನ, ಫಲ, ವಿಷ, ರಾಷ್ಟ್ರ' – ಈ ಪದಗಳನ್ನು ದಪ್ಪ ತೂಕದಲ್ಲಿ 10, 16, 36 ಪಾಯಿಂಟ್‌ಗಳಲ್ಲಿ ಸಾಮಾನ್ಯ ಕಾಗದದ ಮೇಲೆ ಮುದ್ರಿಸಿ. ಗೋಡೆಗೆ ಅಂಟಿಸಿ ಎರಡು ಹೆಜ್ಜೆ ಹಿಂದೆ ಸರಿಯಿರಿ. ಎರಡನೇ ತರಗತಿಯ ಮಗುವೊಂದನ್ನು ಕರೆದು ಓದಿಸಿ. 'ರಾಷ್ಟ್ರ'ದಲ್ಲಿ ಎರಡು ಒತ್ತುಗಳು ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಎಷ್ಟು ಜಾಗ ಬೇಕೆಂಬುದೂ ಆಗ ತಿಳಿಯುತ್ತದೆ. ಮಗು ಎಲ್ಲಿ ತಡವರಿಸುತ್ತದೋ ಆ ಗಾತ್ರಕ್ಕಿಂತ ಕೆಳಗೆ ಈ ಫಾಂಟನ್ನು ಇಳಿಸಬೇಡಿ. ಫಲಕದ ಮೇಲೆ, ಮುಖಪುಟದ ಮೇಲೆ ತಮ್ಮನಿಗೆ ಧಾರಾಳವಾಗಿ ಜಾಗ ಕೊಡಿ. ಪಾಠದ ಸಾಲುಗಳನ್ನು ತೆಳು ಮೈಯವರಿಗೆ ಬಿಡಿ.